500 ರೂಪಾಯಿಯಲ್ಲಿ ಕ್ರಿಸ್‌ಮಸ್‌ಗೆ ಮನೆ ಸಿಂಗರಿಸುವುದು ಹೇಗೆ?

ಮೈಸೂರಿನಲ್ಲಿ ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯಲು ಮಾಲೀಕರ ಒಪ್ಪಿಗೆಯಿಲ್ಲ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ, ಕೈಯಲ್ಲಿರುವುದು 500 ರೂಪಾಯಿ ಎಂದು ಬರೆದಿದ್ದೀರಿ. ಅಷ್ಟು ಸಾಕು. ಆದರೆ ಆ ಹಣವನ್ನು ಹತ್ತು ಸಣ್ಣಪುಟ್ಟ ಸಾಮಾನುಗಳಿಗೆ ಹಂಚಬೇಡಿ. ಜರಿ ಮಾಲೆ, ಬಲೂನು, ಪ್ಲಾಸ್ಟಿಕ್ ಗಂಟೆ ಎಂದು ಒಂದೊಂದೇ ಕೊಳ್ಳುತ್ತಾ ಹೋದರೆ ದುಡ್ಡು ಕರಗುತ್ತದೆಯೇ ಹೊರತು ಮನೆಗೆ ಹಬ್ಬದ ಕಳೆ ಬರುವುದಿಲ್ಲ. ನನ್ನ ಮಟ್ಟಿಗೆ ಕ್ರಿಸ್‌ಮಸ್‌ಗೆ ಬೇಕಾದದ್ದು ಎರಡೇ: ಬಾಗಿಲಲ್ಲಿ ನಕ್ಷತ್ರ, ಒಳಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ. ಇವೆರಡನ್ನೂ ಮನೆಯವರೆಲ್ಲ ಸೇರಿ ಕೈಯಾರೆ ಮಾಡಿ. ಮಿಕ್ಕಿದ್ದೆಲ್ಲ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಮೊದಲು ನಕ್ಷತ್ರ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಶುರುವಾಗುತ್ತಿದ್ದಂತೆ ಅದು ಮೇಲೇರಿದರೆ ಚೆನ್ನ. ಬಂಬೂ ಬಜಾರ್ ಕಡೆ ಮೇದರ ಅಂಗಡಿಗಳಲ್ಲಿ ಕೇಳಿ: ಎರಡಡಿ ಉದ್ದದ ಹತ್ತು ಬಿದಿರ ಸೀಳು, ಐದು ಅಂಗುಲದ ಐದು ತುಂಡು. ಸೀಳು ಪೆನ್ಸಿಲಿಗಿಂತ ತುಸು ತೆಳ್ಳಗಿರಲಿ. ತೀರಾ ದಪ್ಪವಾದರೆ ಬಾಗುವುದಿಲ್ಲ. ಮನೆಗೆ ತಂದ ಕೂಡಲೇ ಅಂಚುಗಳನ್ನು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ. ಬಿದಿರಿನ ಸಿಬಿರು ಬ್ಲೇಡಿಗಿಂತ ಹರಿತ, ಮಕ್ಕಳ ಕೈಗೆ ಹಾಗೆಯೇ ಕೊಡಬೇಡಿ.

ಐದು ಸೀಳುಗಳನ್ನು ನೆಲದ ಮೇಲೆ ಐದು ಮೂಲೆಯ ನಕ್ಷತ್ರವಾಗಿ ಜೋಡಿಸಿ. ಮಕ್ಕಳು ಕೈ ಎತ್ತದೆ ಸ್ಲೇಟಿನ ಮೇಲೆ ಗೀಚುತ್ತಾರಲ್ಲ, ಅದೇ ನಕ್ಷತ್ರ. ಐದು ತುದಿಗಳನ್ನು ಸೆಣಬಿನ ದಾರದಿಂದ ಬಿಗಿದು ಕಟ್ಟಿ. ನಡುವೆ ಸೀಳುಗಳು ಒಂದನ್ನೊಂದು ಹಾಯುವ ಕಡೆ ಸದ್ಯಕ್ಕೆ ಕಟ್ಟುವುದು ಬೇಡ. ಇಂಥದ್ದೇ ಇನ್ನೊಂದು ಮಾಡಿ, ಎರಡನ್ನೂ ಒಂದರ ಮೇಲೊಂದಿಟ್ಟು, ಐದು ತುದಿಗಳನ್ನು ಜೋಡಿಸಿ ಕಟ್ಟಿ. ಈಗ ಆ ಹಾಯುವ ಐದು ಜಾಗಗಳಲ್ಲಿ ಎರಡು ಚೌಕಟ್ಟುಗಳ ನಡುವೆ ಐದು ಅಂಗುಲದ ತುಂಡುಗಳನ್ನು ಒಂದೊಂದಾಗಿ ನಿಲ್ಲಿಸಿ, ಎರಡೂ ಕಡೆ ದಾರ ಸುತ್ತಿ. ಒಂದೊಂದು ತುಂಡು ಸೇರಿದಂತೆಯೂ ಚಪ್ಪಟೆಯಾಗಿ ಬಿದ್ದಿದ್ದ ಬಿದಿರು ಉಬ್ಬುತ್ತಾ ಬಂದು, ಐದನೆಯದು ನಿಂತಾಗ ಇಡೀ ನಕ್ಷತ್ರ ತಂತಾನೇ ಬಿಗಿದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಮಕ್ಕಳು ಪಕ್ಕದಲ್ಲೇ ಇರಬೇಕು. ಅಂಗಡಿಯಿಂದ ಮಡಚಿ ತಂದು ಬಿಚ್ಚುವ ನಕ್ಷತ್ರದಲ್ಲಿ ಈ ಖುಷಿ ಇಲ್ಲ.

ಹೊದಿಸಲು ಗಾಳಿಪಟದ ತೆಳು ಕಾಗದವೇ ಸರಿ, ಅದರ ಮೂಲಕ ಬೆಳಕು ಹಾಯುತ್ತದೆ. ಪ್ರತಿಯೊಂದು ಕೋಡಿಗೂ ನಾಲ್ಕು ಮುಖಗಳಿರುತ್ತವೆ: ಮುಂದೊಂದು, ಹಿಂದೊಂದು, ಪಕ್ಕಕ್ಕೆ ಎರಡು. ಮೊದಲು ಹಳೆಯ ಪತ್ರಿಕೆಯಲ್ಲಿ ಅಳತೆ ಕತ್ತರಿಸಿ, ಸರಿಹೊಂದಿದ ಮೇಲೆ ಬಣ್ಣದ ಕಾಗದಕ್ಕೆ ಕತ್ತರಿ ಹಾಕಿ. ಬಣ್ಣದ ವಿಷಯದಲ್ಲಿ ನನ್ನದೊಂದು ಸಲಹೆ. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ ಬಿಸಿಲಿರುವಾಗ ಹೋಗಿ, ಒಳಗೆ ನಿಂತು ಬಣ್ಣದ ಗಾಜಿನ ಕಿಟಕಿಗಳನ್ನು ಸ್ವಲ್ಪ ಹೊತ್ತು ನೋಡಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಚರ್ಚು ಅದು. ಅವಳಿ ಗೋಪುರಗಳನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾರೆ, ಕಿಟಕಿಗಳನ್ನು ನೋಡುವವರು ಕಡಿಮೆ. ಅಲ್ಲಿ ಕಡುನೀಲಿಯೂ ಕೆಂಪೂ ಅಕ್ಕಪಕ್ಕ ಇದ್ದರೂ ಕಲಸಿಕೊಳ್ಳುವುದಿಲ್ಲ, ನಡುವೆ ಕಪ್ಪು ಗೆರೆ ಇರುತ್ತದೆ. ನಿಮ್ಮ ನಕ್ಷತ್ರಕ್ಕೂ ಎರಡೇ ಬಣ್ಣ ಆರಿಸಿ, ಅಂಚುಗಳಿಗೆ ಕಪ್ಪು ಕಾಗದದ ಪಟ್ಟಿ ಅಂಟಿಸಿ. ಪಟ್ಟಿಯ ಕೆಳಗೆ ಬಿದಿರೂ ಅಂಟೂ ಮರೆಯಾಗುತ್ತವೆ, ರಾತ್ರಿ ಬಣ್ಣಗಳು ಎದ್ದು ಕಾಣುತ್ತವೆ. ಐದಾರು ಬಣ್ಣ ಸೇರಿಸಿದರೆ ದೂರದಿಂದ ಯಾವುದೂ ಕಾಣುವುದಿಲ್ಲ.

ಅಂಟಿಗೆ ಮೈದಾ ಸಾಕು. ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ಗಂಜಿಯ ಹದಕ್ಕೆ ತನ್ನಿ. ಹುಳು ಬೀಳದಿರಲೆಂದು ಹಿಂದಿನವರು ಇದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಗೆ ಬೇಡವೇ ಬೇಡ. ಆಯಾ ದಿನಕ್ಕೆ ಬೇಕಾದಷ್ಟನ್ನೇ ಕಾಯಿಸಿಕೊಳ್ಳಿ.

ಹಣ ಖರ್ಚು ಮಾಡಬೇಕಾದದ್ದು ದೀಪಕ್ಕೆ. ಬಿದಿರು, ದಾರ, ಕಾಗದಕ್ಕೆ 150 ರೂಪಾಯಿ ಇಟ್ಟುಕೊಂಡು, 200 ರೂಪಾಯಿಯನ್ನು ಬಲ್ಬು, ಹೋಲ್ಡರ್, ವೈರಿಗೆ ತೆಗೆದಿಡಿ. ಐದು ವ್ಯಾಟಿನ ಎಲ್‌ಇಡಿ ಬಲ್ಬನ್ನು ದಿನಕ್ಕೆ ಆರು ಗಂಟೆಯಂತೆ ತಿಂಗಳಿಡೀ ಉರಿಸಿದರೂ ಒಂದು ಯೂನಿಟ್ ವಿದ್ಯುತ್ ಆಗುವುದಿಲ್ಲ. ಹಳೆಯ ತಂತಿಯ ಬಲ್ಬು ಅಗ್ಗವಾಗಿ ಸಿಕ್ಕರೂ ಬೇಡ, ಅದರ ಕಾವಿಗೆ ಕಾಗದ ಕಂದುತ್ತದೆ, ಹೊತ್ತಿಕೊಂಡರೂ ಹೊತ್ತಿಕೊಂಡಿತು. ಹಿಂಬದಿಯ ನಡುಭಾಗಕ್ಕೆ ಕಾಗದ ಹಚ್ಚದೆ ಬಿಟ್ಟು, ಬಲ್ಬನ್ನು ಅಲ್ಲಿಂದ ಇಳಿಬಿಡಿ. ಬಲ್ಬು ಕಾಗದಕ್ಕೆ ತಾಗದಂತೆ ಹೋಲ್ಡರನ್ನು ಬಿದಿರಿಗೇ ಬಿಗಿಯಾಗಿ ಕಟ್ಟಿ.

ಮೊಳೆಯ ಚಿಂತೆ ಬಿಡಿ. ಯಾವ ಬಾಡಿಗೆ ಮನೆಯಾದರೂ ಮುಂಬಾಗಿಲ ಚೌಕಟ್ಟಿನಲ್ಲಿ ಮಾವಿನ ತೋರಣಕ್ಕೆಂದು ಎರಡು ಮೊಳೆ ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಮ್ಮ ನಕ್ಷತ್ರ ಪ್ರತಿ ವರ್ಷ ತೂಗುವುದು ಅವುಗಳಿಂದಲೇ. ಇಲ್ಲದಿದ್ದರೆ ಕಿಟಕಿಯ ಸರಳು ಇದ್ದೇ ಇದೆ.

ಇನ್ನು ಗೋದಲಿ. ಬೆಲೆಬಾಳುವ ಗೊಂಬೆಗಳಿಲ್ಲವೆಂದು ಹಿಂಜರಿಯಬೇಡಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿ ಗೋದಲಿ ಮಾಡಿದಾಗ ಅಲ್ಲಿ ಇದ್ದದ್ದು ಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ದನದ ಕೊಟ್ಟಿಗೆಯ ಬಡತನವನ್ನು ಜನ ಕಣ್ಣಾರೆ ಕಾಣಲಿ ಎಂಬುದೇ ಅವರ ಆಸೆಯಾಗಿತ್ತು. ದಿನಸಿ ಅಂಗಡಿಯ ರಟ್ಟಿನ ಪೆಟ್ಟಿಗೆ ಕೊಟ್ಟಿಗೆಯಾಗಲಿ. ಮಾಡಿಗೆ ಭತ್ತದ ಹುಲ್ಲು ಹಾಕಿ. ಡಿಸೆಂಬರ್ ಎಂದರೆ ಮಂಡ್ಯ, ಶ್ರೀರಂಗಪಟ್ಟಣದ ಕಡೆ ಕೊಯ್ಲಿನ ಕಾಲ, ಊರಿನಿಂದ ಬರುವ ಯಾರಿಗಾದರೂ ಹೇಳಿದರೆ ಒಂದು ಹಿಡಿ ಹೊಸ ಹುಲ್ಲು ತಂದುಕೊಡುತ್ತಾರೆ. ಗುಡ್ಡಗಳಿಗೆ ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದವನ್ನು ಮುದುಡಿ, ಉಳಿದ ಮೈದಾ ಅಂಟಿಗೆ ಕೆಮ್ಮಣ್ಣು ಕಲಸಿ ಬಳಿಯಿರಿ. ಒಣಗಿದರೆ ಕಲ್ಲಿನಷ್ಟೇ ಗಟ್ಟಿ.

ಹಸಿರಿಗೆ ರಾಗಿ. ಡಿಸೆಂಬರ್ 12ರ ಹೊತ್ತಿಗೆ ಒಂದು ಹಿಡಿ ರಾಗಿಯನ್ನು ರಾತ್ರಿಯಿಡೀ ನೆನೆಸಿ, ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮಣ್ಣು ಹರಡಿ, ಮೇಲೆ ಒತ್ತಾಗಿ ಉದುರಿಸಿ. ನೀರನ್ನು ಸುರಿಯಬೇಡಿ, ಕೈಯಲ್ಲಿ ಚಿಮುಕಿಸಿ. ಮೊಳಕೆ ಬರುವವರೆಗೆ ನೆರಳು, ಎಳೆ ಎದ್ದ ಮೇಲೆ ಬಿಸಿಲು. ನಮ್ಮಲ್ಲಿನ ಚಳಿಗೆ ಒಂದೆರಡು ದಿನ ಹೆಚ್ಚು ಹಿಡಿದರೂ ಹಬ್ಬದ ಹೊತ್ತಿಗೆ ಪೈರು ಏಳುತ್ತದೆ. ಗೋಧಿ ಇನ್ನೂ ಬೇಗ ಬರುತ್ತದೆ ನಿಜ, ಆದರೆ ಅದರ ಎಳೆ ಅಗಲ. ಪುಟ್ಟ ಗೊಂಬೆಗಳ ಪಕ್ಕದಲ್ಲಿ ರಾಗಿಯ ನವುರಾದ ಎಳೆಯೇ ಹುಲ್ಲುಗಾವಲಿನಂತೆ ಕಾಣುವುದು.

ಗೊಂಬೆಗಳಿಗೆ ಕುಂಬಾರರ ಬಳಿ ಜೇಡಿಮಣ್ಣು ಕೇಳಿ ತನ್ನಿ. ಬಿರುಕು ಬಿಡದಿರಲು ಮಣ್ಣಿಗೆ ಸ್ವಲ್ಪ ಹತ್ತಿ ಬಿಡಿಸಿ ಹಾಕಿ ನಾದಿ, ಗೊಂಬೆಗಳನ್ನು ನೆರಳಿನಲ್ಲೇ ಒಣಗಿಸಿ. ಮಕ್ಕಳು ಮಾಡುವ ಕುರಿಗಳು ಕಾಲು ಮುರಿದುಕೊಂಡು ಬೀಳುವುದೇ ಹೆಚ್ಚು. ಅವರಿಗೆ ನಮ್ಮ ಬನ್ನೂರು ಕುರಿಯನ್ನು ತೋರಿಸಿ: ಗಿಡ್ಡ ಕಾಲು, ದುಂಡು ಮೈ. ಅದನ್ನು ಮಾಡಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಕುರಿ ಕಾಯುವವರ ಹೆಗಲಿಗೆ ಹಳೆಯ ಕಂಬಳಿಯ ಒಂದು ಚೂರು ಹೊದಿಸಿ. ಮರಿಯ, ಜೋಸೆಫ, ಬಾಲಯೇಸು ಈ ಮೂರನ್ನು ಮಾತ್ರ ಕೊಳ್ಳಬೇಕೆನಿಸಿದರೆ ಉಳಿದ 150 ರೂಪಾಯಿಯನ್ನು ಅಲ್ಲಿ ಹಾಕಿ, ಚಿಕ್ಕ ಅಳತೆಯವೇ ಇರಲಿ. ದನಕರುಗಳನ್ನು ನೆರೆಮನೆಯವರಲ್ಲಿ ಕೇಳಬಹುದು. ಮೈಸೂರಿನಲ್ಲಿ ದಸರಾ ಗೊಂಬೆ ಕೂರಿಸುವ ಮನೆಗಳಿಗೆ ಬರವಿಲ್ಲ, ಅವರ ಪೆಟ್ಟಿಗೆಯಲ್ಲಿ ಹಸು, ಕರು ಇದ್ದೇ ಇರುತ್ತವೆ. ನಮ್ಮ ಗೋದಲಿಯಲ್ಲಿ ನಿಲ್ಲುವ ಹಸುವೂ ಎದುರು ಮನೆಯ ಅಜ್ಜಿಯದು. ಸಂಕ್ರಾಂತಿಗೆ ಎಳ್ಳು ಬೀರಲು ಬಂದಾಗ ಅವರು ಅದನ್ನು ಒಯ್ಯುತ್ತಾರೆ.

ಬಾಲಯೇಸುವನ್ನು 24ರ ನಡುರಾತ್ರಿಯವರೆಗೆ ಗೋದಲಿಯಲ್ಲಿ ಇಡಬೇಡಿ. ತೊಟ್ಟಿ ಖಾಲಿ ಇರಲಿ, ಮಲಗಿಸುವ ಕೆಲಸ ನಿಮ್ಮ ಕಿರಿಯ ಮಗುವಿನದಾಗಲಿ. ಹುಲ್ಲಿನ ಹತ್ತಿರ ಮೇಣದ ಬತ್ತಿ ಮಾತ್ರ ಖಂಡಿತ ಬೇಡ. ದೀಪಾವಳಿಗೆ ತಂದ ಸೀರಿಯಲ್ ಬಲ್ಬಿನ ಮಾಲೆ ಇದ್ದರೆ ಅದನ್ನೇ ಗುಡ್ಡಗಳ ಹಿಂದೆ ಅಡಗಿಸಿ.

ಕ್ರಿಸ್‌ಮಸ್ ಮರಕ್ಕೆ ಹಣ ಹಾಕಬೇಡಿ. ಪರಿಚಯದವರ ತೋಟದಲ್ಲಿ ಸರ್ವೆ ಮರವಿದ್ದರೆ ಕೇಳಿ ಒಂದು ಕೊಂಬೆ ತಂದು, ಒದ್ದೆ ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿ. ಬೇಗ ಒಣಗುತ್ತದೆ, ಆದ್ದರಿಂದ 23ಕ್ಕೆ ಮೊದಲು ತರಬೇಡಿ. ಅದಕ್ಕೆ ತೂಗುಹಾಕಲು ಕಿತ್ತಳೆ ಸಿಪ್ಪೆ ಇದೆ. ಸಿಪ್ಪೆಯನ್ನು ದೊಡ್ಡ ದೊಡ್ಡ ತುಂಡಾಗಿ ಬಿಡಿಸಿ, ಹಸಿಯಿರುವಾಗಲೇ ನಕ್ಷತ್ರದ ಆಕಾರಕ್ಕೆ ಕತ್ತರಿಸಿ, ಸೂಜಿಯಲ್ಲಿ ದಾರ ಪೋಣಿಸಿ ಬಿಸಿಲಿಗೆ ಹಾಕಿ. ಒಣಗಿ ಬಿರುಸಾದ ಮೇಲೂ ಮೂಗಿನ ಬಳಿ ಹಿಡಿದರೆ ಕಂಪು ಬರುತ್ತದೆ. ಮುಗಿಯುತ್ತಾ ಬಂದ ವರ್ಷದ ಕ್ಯಾಲೆಂಡರಿನ ದಪ್ಪ ಹಾಳೆಗಳಲ್ಲಿ ಕಾಗದದ ಹೂಗಳಾಗುತ್ತವೆ. ಹಳೆಯ ಲಗ್ನಪತ್ರಿಕೆಗಳ ಬಂಗಾರದ ಅಂಚೂ ಚೆನ್ನಾಗಿರುತ್ತದೆ, ದೇವರ ಚಿತ್ರವಿರುವ ಭಾಗವನ್ನು ಮಾತ್ರ ಕತ್ತರಿಸದೆ ತೆಗೆದಿಡಿ.

ಬಾಲಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳನ್ನು ನೆನೆಯುವ, ಜನವರಿ 6ರ ಮೂರು ರಾಯರ ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಇಳಿಸುವಾಗ ನಕ್ಷತ್ರದ ಕಾಗದ ಹರಿದು, ಐದು ತುಂಡುಗಳ ಕಟ್ಟು ಬಿಚ್ಚಿದರೆ ಬಿದಿರು ಮತ್ತೆ ಚಪ್ಪಟೆಯಾಗುತ್ತದೆ, ಬೀರುವಿನ ಹಿಂದೆ ನಿಲ್ಲಿಸಬಹುದು. ಮುಂದಿನ ವರ್ಷ ಕಾಗದವೊಂದನ್ನು ಕೊಂಡರಾಯಿತು. ರಾಗಿ ಪೈರನ್ನು ಕಸಕ್ಕೆ ಹಾಕಬೇಡಿ, ಬೀದಿಯಲ್ಲಿ ಹಾಲು ಹಾಕುವವರ ಹಸುವಿಗೆ ಕೊಡಿ.