ವಾಪಸ್ ಬರುವ ದಾರಿಗೂ ಬೆಂಬಲ ಬೇಕು

ಒಂದು ದೊಡ್ಡ ಕನಸು, ಅದಕ್ಕೆ ಮನೆಯವರ ವಿರೋಧ, "ನೀವೇ ಸ್ವಲ್ಪ ಹೇಳಿ ಒಪ್ಪಿಸಿ ಮೇಡಂ" ಎಂಬ ಕೋರಿಕೆ. ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುವವರಲ್ಲಿ ಇಂಥವರು ಜಾಸ್ತಿ. ಈ ಬಾರಿ ಕನಸು ಸಮುದ್ರದ್ದಾಗಿತ್ತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರಿಗೆ ನಲವತ್ತು ದಾಟಿದೆ. ಆಫೀಸ್ ಕೆಲಸ. ರಜೆ ಸಿಕ್ಕಾಗಲೆಲ್ಲ ಹಾಯಿದೋಣಿ ನಡೆಸುತ್ತಾರೆ. ಕರಾವಳಿಯ ಗಾಳಿ ಚೆನ್ನಾಗಿ ಗೊತ್ತು, ಆದರೆ ದಡ ಕಾಣದ ಕಡೆ ಒಂಟಿಯಾಗಿ ಒಂದು ರಾತ್ರಿಯನ್ನೂ ಕಳೆದವರಲ್ಲ. ಸೇರಬೇಕೆಂದಿದ್ದು ಒಬ್ಬರೇ ಭೂಮಿ ಸುತ್ತುವ ಯಾಟ್ ರೇಸ್. ಹೆಂಡತಿ ಖಡಾಖಂಡಿತವಾಗಿ ಬೇಡ ಎಂದಿದ್ದರು.

ಮೊದಲ ಭೇಟಿಗಳಲ್ಲಿ ಬರೀ ದೂರೇ ಆಯಿತು. ಅದನ್ನು ಬಿಟ್ಟುಬಿಡುತ್ತೇನೆ. ಹೆಂಡತಿಯೂ ಬಂದ ದಿನದ ಮಾತು ಹೇಳಬೇಕು.

ಅವರು ಗಂಡನ ಫೈಲನ್ನು ಕೈಯಲ್ಲೇ ಹಿಡಿದು ಬಂದಿದ್ದರು. ಹಾಯಿ, ಲೈಫ್‌ರಾಫ್ಟ್, ಸ್ಯಾಟಲೈಟ್ ಫೋನ್, ವಿಮೆ, ಪ್ರವೇಶ ಶುಲ್ಕ, ಎಲ್ಲದರ ಲೆಕ್ಕ ಅದರಲ್ಲಿತ್ತು. ಕೊನೆಯಲ್ಲಿ ಸ್ಪಾನ್ಸರ್ ಜೊತೆಗಿನ ಕರಾರಿನ ಕರಡು. ಅದರ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ರೇಸ್ ಮುಗಿಸದಿದ್ದರೆ ಕೊಟ್ಟ ಹಣ ವಾಪಸ್ ಕಟ್ಟಬೇಕು, ಅದಕ್ಕೆ ಮನೆ ಅಡಮಾನ.

"ಹಾಯಿಯ ಕಂಬ ಮುರಿದ್ರೆ ವಾಪಸ್ ಬರ್ತೀರಾ?" ಎಂದು ಕೇಳಿದರು.

"ಬರ್ತೀನಿ. ಬರಲೇಬೇಕಲ್ವಾ?"

"ಮುರೀದೇ ಇದ್ರೆ? ದೋಣಿಯೊಳಗೆ ನೀರು ಬರ್ತಾ ಇದೆ, ಪಂಪ್ ಮಾಡ್ತಾ ಹೋದ್ರೆ ಹೇಗೋ ನಡೆಯುತ್ತೆ ಅನ್ನೋ ಹಾಗಿದ್ರೆ?"

ಅವರು ಉತ್ತರ ಕೊಡಲಿಲ್ಲ.

"ಆಗ ನಿಮ್ಮ ಕಣ್ಣಿಗೆ ನೀರು ಕಾಣಲ್ಲ, ಮನೆ ಕಾಣುತ್ತೆ. ನಾನು ಬೇಡ ಅಂತಿರೋದು ಇದಕ್ಕೆ. ಸಮುದ್ರಕ್ಕೆ ಹೋಗಬೇಡಿ ಅಂತ ಯಾವತ್ತಾದ್ರೂ ಹೇಳಿದ್ದೀನಾ?"

ನಿಜವಾಗಿಯೂ ಹೇಳಿರಲಿಲ್ಲ. ಅವರ "ಬೇಡ" ಯಾವುದಕ್ಕೆ ಎಂದು ಗಂಡ ಒಮ್ಮೆಯೂ ಕೇಳಿರಲಿಲ್ಲ, ಅಷ್ಟೇ.

ಆಗ ನಾನು ಡೊನಾಲ್ಡ್ ಕ್ರೋಹರ್ಸ್ಟ್ ಕಥೆ ಹೇಳಿದೆ. 1968ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಗೋಲ್ಡನ್ ಗ್ಲೋಬ್ ರೇಸ್ ನಡೆಯಿತು. ಎಲ್ಲೂ ನಿಲ್ಲದೆ, ಒಬ್ಬರೇ ಭೂಮಿ ಸುತ್ತಬೇಕು. ಕ್ರೋಹರ್ಸ್ಟ್ ಕೂಡ ವಾರಾಂತ್ಯದ ಹವ್ಯಾಸಿ. ವ್ಯಾಪಾರ ನೆಲಕಚ್ಚುತ್ತಿತ್ತು. ಹಣ ಹಾಕಿದವರಿಗೆ ಮನೆ, ವ್ಯಾಪಾರ ಎರಡನ್ನೂ ಒತ್ತೆ ಇಟ್ಟಿದ್ದರು. ಹೊರಡಲು ಗಡುವಾಗಿದ್ದ ಅಕ್ಟೋಬರ್ 31ರಂದೇ, ಪೂರ್ತಿ ಸಿದ್ಧವಾಗದ ದೋಣಿಯಲ್ಲಿ ಹೊರಟರು. ದೋಣಿ ಸೋರತೊಡಗಿತು. ಮುಂದೆ ಹೋದರೆ ಸಾವು, ಹಿಂದೆ ಬಂದರೆ ದಿವಾಳಿ. ಅವರು ಅಟ್ಲಾಂಟಿಕ್‌ನಲ್ಲೇ ಉಳಿದು, ತಾವು ಇನ್ನೆಲ್ಲೋ ಇದ್ದೇವೆಂದು ರೇಡಿಯೋದಲ್ಲಿ ಸುಳ್ಳು ಹೇಳುತ್ತಾ ಹೋದರು. 1969ರ ಜುಲೈನಲ್ಲಿ ಖಾಲಿ ದೋಣಿ ಮಾತ್ರ ಸಿಕ್ಕಿತು. ರೇಸ್ ಮುಗಿಸಿದ ಒಬ್ಬರೇ ಒಬ್ಬರು ರಾಬಿನ್ ನಾಕ್ಸ್-ಜಾನ್‌ಸ್ಟನ್. ತಮಗೆ ಬಂದ 5,000 ಪೌಂಡ್ ಬಹುಮಾನವನ್ನು ಅವರು ಕ್ರೋಹರ್ಸ್ಟ್ ಕುಟುಂಬಕ್ಕೆ ಕೊಟ್ಟುಬಿಟ್ಟರು.

"ನಮ್ಮ ಭಾರತದ ಅಭಿಲಾಷ್ ಟೋಮಿ ಮತ್ತೆ ಹೋಗಲಿಲ್ವಾ?" ಎಂದರು ಗಂಡ. ಒಳ್ಳೆಯ ಪ್ರಶ್ನೆಯೇ. 2018ರಲ್ಲಿ ಅದೇ ಹೆಸರಿನ ರೇಸ್ ಮತ್ತೆ ನಡೆದಾಗ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಟೋಮಿ ದೋಣಿಯ ಕಂಬ ಮುರಿಯಿತು, ಬೆನ್ನಿಗೆ ಭಾರೀ ಪೆಟ್ಟಾಯಿತು. ಅವರು ಸಹಾಯ ಕೇಳಿದರು. ಫ್ರೆಂಚ್ ಹಡಗೊಂದು ಬಂದು ಕಾಪಾಡಿತು. ದೋಣಿಯನ್ನು ಅಲ್ಲೇ ಬಿಟ್ಟು ಬಂದರು. 2022ರ ರೇಸಿಗೆ ಮತ್ತೆ ಹೊರಟು ಎರಡನೆಯವರಾಗಿ ಮುಗಿಸಿದರು. ಟೋಮಿ ನೌಕಾಪಡೆಯ ಅಧಿಕಾರಿಯಾಗಿದ್ದವರು. 2018ಕ್ಕೂ ಮೊದಲೇ ಒಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತಿದ್ದವರು. ಅಂಥವರೇ ಬಿಟ್ಟು ಬಂದಿದ್ದರಿಂದ ಮತ್ತೆ ಹೋಗಲು ಸಾಧ್ಯವಾಯಿತು.

ನನ್ನ ಸಲಹೆ ಹೀಗಿತ್ತು. ಆ ಕರಾರಿಗೆ ಸಹಿ ಬೇಡ. ರೇಸ್ ಬಿಟ್ಟು ಬಂದರೂ ಹಣ ವಾಪಸ್ ಕೇಳದ ಸ್ಪಾನ್ಸರ್ ಸಿಕ್ಕರೆ ಮಾತ್ರ ಮುಂದುವರಿಯಿರಿ. ಮನೆಯ ಪತ್ರಗಳನ್ನು ಮುಟ್ಟಬೇಡಿ. ಯಾವ ಯಾವ ಸ್ಥಿತಿಯಲ್ಲಿ ವಾಪಸ್ ತಿರುಗುತ್ತೀರಿ ಎಂದು ದಡದಲ್ಲಿ ಕೂತು, ತಲೆ ತಣ್ಣಗಿರುವಾಗಲೇ ಬರೆದಿಡಿ. ನಿದ್ದೆಗೆಟ್ಟು ಒದ್ದೆಯಾಗಿರುವಾಗ ಆ ತೀರ್ಮಾನ ಸರಿಯಾಗಿ ಬರಲ್ಲ. ಅದರ ಒಂದು ಪ್ರತಿ ಹೆಂಡತಿಯ ಹತ್ತಿರ ಇರಲಿ. ಎಲ್ಲರಿಗೂ ಸಾರಿ ಹೇಳುವುದನ್ನು ಸ್ವಲ್ಪ ತಡೆಯಿರಿ. ಸುಮ್ನೆ ಹೇಳಿಕೊಂಡ ಮಾತೂ ಸಾಲದ ಹಾಗೇ ಕುತ್ತಿಗೆ ಹಿಡಿಯುತ್ತದೆ. ಮೊದಲು ಬೇರೆಯವರ ಜೊತೆ ಸಾಗರಕ್ಕೆ ಇಳಿಯಿರಿ ಎಂದೂ ಹೇಳಿದೆ. ನಾಕ್ಸ್-ಜಾನ್‌ಸ್ಟನ್ ಅವರೇ ಹುಟ್ಟುಹಾಕಿದ ಕ್ಲಿಪ್ಪರ್ ರೇಸ್ 1996ರಿಂದ ಹವ್ಯಾಸಿಗಳಿಗಾಗಿಯೇ ನಡೆಯುತ್ತಿದೆ. ದುಡ್ಡು ಕಟ್ಟಬೇಕು, ನಾಲ್ಕು ಹಂತದ ತರಬೇತಿ ಕಡ್ಡಾಯ, ಪ್ರತಿ ದೋಣಿಗೂ ವೃತ್ತಿಪರ ಸ್ಕಿಪ್ಪರ್, ಅಂದರೆ ದೋಣಿಯ ನಾಯಕರು, ಇರುತ್ತಾರೆ. ಪೂರ್ತಿ ಸುತ್ತಲು ಆಗದಿದ್ದರೆ ರೇಸಿನ ಒಂದು ಹಂತಕ್ಕೆ ಮಾತ್ರವೂ ಸೇರಬಹುದು.

ಈ ಪ್ರಕರಣ ಕೇಳಿದ ಸಹೋದ್ಯೋಗಿಯೊಬ್ಬರು, ನೀವು ಒಬ್ಬರ ಕನಸಿಗೆ ತಣ್ಣೀರೆರಚಿದಿರಿ ಎಂದರು. ನಾನು ಒಪ್ಪುವುದಿಲ್ಲ. ಕಷ್ಟದ ಕೆಲಸಕ್ಕೆ ಹೊರಟವರನ್ನು ತಡೆಯುವುದು ಆಪ್ತಸಲಹೆಗಾರರ ಕೆಲಸವಲ್ಲ, ನಿಜ. ಹಾಗೆಯೇ ಸೋಲುವ ಹಕ್ಕನ್ನೇ ಕಸಿದುಕೊಳ್ಳುವ ಹಣವನ್ನು ಬೆಂಬಲ ಎಂದು ಕರೆಯಲೂ ನನಗೆ ಬಾಯಿ ಬರುವುದಿಲ್ಲ. ಅಂಗಡಿಗೆ, ಓದಿಗೆ, ಆಟಕ್ಕೆ ಮನೆ ಅಡವಿಟ್ಟು ಬಂದವರನ್ನೂ ಕಂಡಿದ್ದೇನೆ. ಕೆಲಸ ಕೈಕೊಡುತ್ತಿದೆ ಎಂದು ಗೊತ್ತಾದ ದಿನ ಅವರು ಮನೆಯಲ್ಲಿ ಬಾಯಿ ಬಿಡಲಿಲ್ಲ. ಸುಳ್ಳು ಹೇಳಿದರು. ಅವರಿಗೆ ಧೈರ್ಯ ಕಡಿಮೆಯಿರಲಿಲ್ಲ, ನಿಜ ಹೇಳಿದರೆ ಮನೆ ಹೋಗುತ್ತಿತ್ತು.

ಆ ಸ್ಪಾನ್ಸರ್ ಷರತ್ತು ಸಡಿಲಿಸಲು ಒಪ್ಪಲಿಲ್ಲ, ಹಿಂದೆ ಸರಿದರು. ಇವರು ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವ ತರಬೇತಿಗೆ ಸೇರಿದ್ದಾರೆ. ಖರ್ಚಿನ ಅರ್ಧ ಹೆಂಡತಿಯ ಉಳಿತಾಯದ್ದು. ಬೇರೆಯವರ ದೋಣಿಯಲ್ಲಿ ಒಂದು ಹಂತ ಹೋಗುವುದು ತನ್ನ ರೇಸ್ ಅಲ್ಲವೆಂಬ ಬೇಸರ ಅವರಿಗೆ ಇನ್ನೂ ಇದೆ. ವಾಪಸ್ ತಿರುಗುವ ಷರತ್ತುಗಳನ್ನು ಇಬ್ಬರೂ ಕೂತು ಬರೆಯುತ್ತಿದ್ದಾರೆ, ಎರಡು ಅಂಶಗಳ ಮೇಲೆ ಜಗಳ ಇನ್ನೂ ಮುಗಿದಿಲ್ಲ.