ವಿಮಾನದ ಹೊಟ್ಟೆಯಲ್ಲಿ ಮೂವತ್ತು ಬಂದೂಕು: ಸಂಪಾದಕರ ಉತ್ತರ

ಶಿರಸಿಯ ಓದುಗರೊಬ್ಬರು ಹಳೆಯ ಫೋಟೋ ಒಂದರ ಪ್ರತಿ ಕಳಿಸಿದ್ದಾರೆ. ವಿಮಾನದ ತಳದಲ್ಲಿ ಸಾಲು ಸಾಲು ಬಂದೂಕು, ನಳಿಗೆಗಳೆಲ್ಲ ಕೆಳಮುಖ. ‘ಇದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಅಲ್ವಾ? ನಿಜವಾಗಿದ್ದರೆ ಯಾಕೆ ಯುದ್ಧಕ್ಕೆ ಬರಲಿಲ್ಲ?’ ಅಂತ ಕೇಳಿದ್ದಾರೆ.

ಮಾನ್ಯರೇ, ಚಿತ್ರ ಸುಳ್ಳಲ್ಲ. ಅದು ಜೆಎಲ್-12. 1921ರ ಸುಮಾರಿಗೆ ಅಮೆರಿಕದಲ್ಲಿ ತಯಾರಾದ, ಒಂದೇ ಎಂಜಿನ್ನಿನ ಪ್ರಯೋಗದ ವಿಮಾನ. ಅದರ ಮೂಲ ಜರ್ಮನಿಯ ಯುಂಕರ್ಸ್ ಕಂಪನಿಯ ಎಫ್-13. ಅದು 1919ರ ಜೂನ್‌ನಲ್ಲಿ ಮೊದಲು ಹಾರಿತು, ಪ್ರಯಾಣಿಕರಿಗೆಂದೇ ಮಾಡಿದ್ದು. ಮರ, ಬಟ್ಟೆಯ ವಿಮಾನಗಳ ಕಾಲದಲ್ಲಿ ಇದರ ಮೈಯೆಲ್ಲ ಲೋಹ. ನಮ್ಮ ಕೊಟ್ಟಿಗೆಗಳಿಗೆ ಹೊದಿಸುವ ಜಿಂಕ್ ಶೀಟ್ ಇರುತ್ತಲ್ಲ, ಹಾಗೇ ಏಣು ಏಣಾದ ತಗಡು.

ಜಾನ್ ಲಾರ್ಸನ್ ಎಂಬ ವ್ಯಾಪಾರಿ ಇದನ್ನು ಅಮೆರಿಕಕ್ಕೆ ತರಿಸಿ, ಜೆಎಲ್-6 ಅಂತ ಹೆಸರಿಟ್ಟು ಮಾರಿದರು. ಅಲ್ಲಿನ ಅಂಚೆ ಇಲಾಖೆಯೂ ಕೊಂಡಿತ್ತು. ಆದರೆ ಕೆಲವಕ್ಕೆ ಬೆಂಕಿ ಹತ್ತಿ ಹೆಸರು ಕೆಟ್ಟಿತು. ಆಮೇಲಿನ ಯೋಚನೆ ಸೇನೆಗೆ ಮಾರುವುದು. ಅದಕ್ಕೇ ಹುಟ್ಟಿದ್ದು ಈ ಜೆಎಲ್-12. 400 ಅಶ್ವಶಕ್ತಿಯ ಲಿಬರ್ಟಿ ಎಂಜಿನ್, ತಳಕ್ಕೆ ರಕ್ಷಾಕವಚ, ಅದರ ಜೊತೆ ಸುಮಾರು 30 ಥಾಂಪ್ಸನ್ ಬಂದೂಕು. ಮುಂದೆ ಟಾಮಿ ಗನ್ ಅಂತ ಹೆಸರಾದದ್ದು ಇದೇ. ಜನರಲ್ ಜಾನ್ ಥಾಂಪ್ಸನ್ ಇದನ್ನು ಕಂದಕ ಗುಡಿಸುವ ಪೊರಕೆ ಅಂತ ಮಾಡಿಸಿದ್ದರು. ಪೊರಕೆ ಕೈಗೆ ಬರುವಷ್ಟರಲ್ಲಿ ಮೊದಲನೇ ಮಹಾಯುದ್ಧವೇ ಮುಗಿದಿತ್ತು. ಗಿರಾಕಿ ಇಲ್ಲದ ವಿಮಾನ, ಗಿರಾಕಿ ಇಲ್ಲದ ಬಂದೂಕು. ಸಂಬಂಧ ಕೂಡಿಬಂತು ಅನ್ನಿ.

ಈಗ ಲೆಕ್ಕ ಹಾಕೋಣ. ಆಗಿನ ಥಾಂಪ್ಸನ್ ನಿಮಿಷಕ್ಕೆ ಸುಮಾರು 800 ಗುಂಡು ಹಾರಿಸುತ್ತಿತ್ತು. ಎಲ್ಲಕ್ಕೂ 100 ಗುಂಡು ಹಿಡಿಯುವ ದೊಡ್ಡ ಡ್ರಮ್ (ಗುಂಡು ತುಂಬುವ ದುಂಡು ಡಬ್ಬಿ) ಹಾಕಿದರೂ ಏಳೂವರೆ ಸೆಕೆಂಡಿಗೆ ಖಾಲಿ. ಗಂಟೆಗೆ 150 ಕಿ.ಮೀ. ವೇಗ ಅಂತಿಟ್ಟುಕೊಂಡರೆ ಅಷ್ಟರಲ್ಲಿ ವಿಮಾನ ಮುನ್ನೂರು ಮೀಟರ್ ದಾಟಿರುತ್ತದೆ. 3,000 ಗುಂಡು ಅಲ್ಲಿಗೆ ಮುಗಿಯಿತು. ಅದೂ ಪಿಸ್ತೂಲಿನ ಗುಂಡು, ದೂರಕ್ಕೆ ಬಲ ಸಾಲದು. ಹಾಗಾಗಿ ತೀರಾ ಕೆಳಗೇ ಹಾರಬೇಕು.

ಇದಕ್ಕಿಂತ ದೊಡ್ಡ ತೊಂದರೆ ಗುರಿಯದು. ಬಂದೂಕು ಬಿಗಿದ ಕೋನದಲ್ಲೇ ನಿಂತಿರುತ್ತದೆ, ತಿರುಗುವುದಿಲ್ಲ. ಪೈಲಟ್‌ಗೆ ವಿಮಾನದ ಹೊಟ್ಟೆಯ ಕೆಳಗಿನ ನೆಲ ಕಾಣುವುದಿಲ್ಲ. ಸುಮ್ನೆ ಅಂದಾಜಿನ ಮೇಲೆ ಗುಂಡಿನ ಮಳೆ ಸುರಿಸಬೇಕು. ಸೇನೆ ಕೊಳ್ಳಲಿಲ್ಲ. ನನ್ನನ್ನು ಕೇಳಿದರೆ ಅದು ಸರಿಯಾದ ತೀರ್ಮಾನವೇ.

ತಮಾಷೆ ಏನು ಗೊತ್ತಾ? ಯುಂಕರ್ಸ್‌ನವರ ಜೆ-1 ಎಂಬ ಕವಚದ ವಿಮಾನ 1917ರಲ್ಲೇ ಯುದ್ಧದಲ್ಲಿತ್ತು. ಸಿಬ್ಬಂದಿಯನ್ನು 5 ಮಿಲಿಮೀಟರ್ ಉಕ್ಕಿನ ತೊಟ್ಟಿಯೊಳಗೆ ಕೂರಿಸಿದ ಆ ಭಾರದ ಯಂತ್ರವನ್ನು ಸೈನಿಕರು ‘ಪೀಠೋಪಕರಣದ ಗಾಡಿ’ ಅಂತ ಕರೆಯುತ್ತಿದ್ದರು. ಅದರಲ್ಲೂ ಕೆಳಮುಖದ ಎರಡು ಮೆಷಿನ್ ಗನ್ ಇಟ್ಟು ನೋಡಿದ್ದರು. ಗುರಿ ಹಿಡಿಯುವುದೇ ಕಷ್ಟವಾಗಿ, ಜಾಸ್ತಿ ಉಪಯೋಗಕ್ಕೆ ಬರಲಿಲ್ಲ. ಎರಡರಲ್ಲಿ ಆಗದ್ದು ಮೂವತ್ತರಲ್ಲಿ ಆದೀತು ಅಂದುಕೊಂಡರೋ ಏನೋ.