ಬೈಯುವಾಗ ಯಾವ ಹೆಸರು ಹಿಡಿದು ಬೈಯಲಿ?

ಸಿಂಗಪುರದಲ್ಲಿ ಆಪ್ತಸಲಹೆ ಮಾಡುವ ನನ್ನ ಹತ್ತಿರ ಈ ಜಗಳ ಮತ್ತೆ ಮತ್ತೆ ಬರುತ್ತದೆ. ಕನ್ನಡದ ಹುಡುಗಿ, ಚೀನೀ ಮನೆತನದ ಹುಡುಗ. ಮದುವೆಯಲ್ಲಿ ಏಳದ ತಕರಾರು ಮಗುವಿನ ಹೆಸರಿಗೆ ಏಳುತ್ತದೆ. ಇಲ್ಲಿ ಜನನ ನೋಂದಣಿಗೆ 42 ದಿನದ ಗಡುವು ಬೇರೆ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅಂಥ ಹುಡುಗಿಯೊಬ್ಬಳ ತಂದೆ ಅವಳ ಹೆರಿಗೆಗೆ ನಾಲ್ಕು ತಿಂಗಳ ಮುಂಚೆ ಹಾಸನದಲ್ಲಿ ತೀರಿಕೊಂಡಿದ್ದರು. ಗಂಡು ಮಗು ಹುಟ್ಟಿತು. ಅಪ್ಪನ ಹೆಸರೇ ಇಡಬೇಕು ಅಂತ ಇವಳು. ಬೇಡವೇ ಬೇಡ ಅಂತ ಅತ್ತೆ. "ನಮ್ಮಪ್ಪ ಅಂದ್ರೆ ಇವರಿಗೆ ತಾತ್ಸಾರ ಮೇಡಂ" ಅಂತ ಫೋನಿನಲ್ಲಿ ಅತ್ತಳು.

ಚೀನೀಯರಲ್ಲೂ ಬಾಣಂತಿ ಒಂದು ತಿಂಗಳು ಹೊರಗೆ ಬರುವುದಿಲ್ಲ. ಹಾಗಾಗಿ ನಾನೇ ಅವರ ಮನೆಗೆ ಹೋದೆ. ಅತ್ತೆ ಎಳ್ಳೆಣ್ಣೆ, ಶುಂಠಿ ಹಾಕಿದ ಕೋಳಿ ಸಾರಿನ ಬಟ್ಟಲು ಹಿಡಿದು ಕೋಣೆಯ ಬಾಗಿಲಲ್ಲೇ ನಿಂತರು. ಒಳಗೆ ಬರಲಿಲ್ಲ. ಇನ್ನೊಂದು ಕೈಯಲ್ಲಿ ಮಡಿಸಿದ ಚೀಟಿ. ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ ನೋಡಿ ಎಂಟು ಅಕ್ಷರ ಬರೆಯುತ್ತಾರೆ. ಅದಕ್ಕೆ ಬಾಜಿ ಅನ್ನುತ್ತಾರೆ. ಲೋಹ, ಮರ, ನೀರು, ಬೆಂಕಿ, ಮಣ್ಣು, ಈ ಐದರಲ್ಲಿ ಯಾವುದು ಕಮ್ಮಿ ಅಂತ ಅದರಿಂದ ಲೆಕ್ಕ ಹಾಕುತ್ತಾರೆ. ಈ ಮಗುವಿಗೆ ನೀರು ಕಮ್ಮಿ ಅಂತ ಬಂದಿತ್ತು. ಅದಕ್ಕೇ ಚೀಟಿಯಲ್ಲಿದ್ದ ಅಕ್ಷರಗಳಿಗೆಲ್ಲ ಎಡಕ್ಕೆ ನೀರಿನ ಮೂರು ಹನಿಯ ಗುರುತು. ಒಂದು 'ಹಾಯ್', ಅಂದರೆ ಸಮುದ್ರ. ಇನ್ನೊಂದು 'ತಾವ್', ದೊಡ್ಡ ಅಲೆ. ಇವು ಹೆಸರಿನ ಕೊನೆಯ ಅಕ್ಷರಕ್ಕೆ. ಚೀನೀ ಹೆಸರಿನಲ್ಲಿ ಮೊದಲು ಮನೆತನದ ಹೆಸರು. ಹಳೆಯ ಪದ್ಧತಿ ಬಿಡದ ಮನೆಗಳಲ್ಲಿ ನಡುವಿನ ಅಕ್ಷರ ಯಾರೂ ಆರಿಸುವುದಲ್ಲ. ವಂಶದಲ್ಲಿ ಒಂದು ಪದ್ಯ ಇರುತ್ತದೆ, ತಲೆಮಾರಿಗೊಂದರಂತೆ ಅದರ ಮುಂದಿನ ಅಕ್ಷರ. ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಅದೇ.

ಬೀಗರ ಹೆಸರು ಯಾಕೆ ಬೇಡ ಅಂತ ಕೇಳಿದೆ. ಆಕೆ ಹೇಳಿದ್ದನ್ನು ಮಗ ತಡವರಿಸುತ್ತಾ ಅನುವಾದಿಸಿದ.

"ಇವನು ತಂಟೆ ಮಾಡಿದರೆ ನಾನು ಬೈಯಬೇಕಲ್ಲ. ಆ ಹೆಸರು ಹಿಡಿದು ಹೇಗೆ ಬೈಯಲಿ? ದೊಡ್ಡವರು ಅವರು."

ಕೋಣೆ ಸುಮ್ಮನಾಯಿತು. ಚೀನೀಯರಲ್ಲಿ ಹಿರಿಯರ ಹೆಸರಿನ ಅಕ್ಷರವನ್ನು ಕಿರಿಯರಿಗೆ ಇಡುವುದು ಅಗೌರವ. ಇವಳು ತಾತ್ಸಾರ ಅಂದುಕೊಂಡದ್ದು ಮರ್ಯಾದೆಯಾಗಿತ್ತು. ಮಗುವಿನ ಕಾಲ್ಚೀಲ ಸರಿಮಾಡುತ್ತಾ ಇವಳು ಮೆಲ್ಲಗೆ ಕನ್ನಡದಲ್ಲಿ ಹೇಳಿದಳು: "ನಮ್ಮಣ್ಣನಿಗೆ ತಾತನ ಹೆಸರು. ಅಜ್ಜಿ ಒಂದು ದಿನವೂ ಅವನನ್ನ ಹೆಸರು ಹಿಡಿದು ಕರೀಲಿಲ್ಲ. ಅಮ್ಮನೂ ಅಷ್ಟೆ, ಮಾವನ ಹೆಸರು ಅಲ್ವಾ. ಇಬ್ಬರಿಗೂ ಅವನು ಪುಟ್ಟಣ್ಣ."

ಅದನ್ನು ನಾನು ಅತ್ತೆಗೆ ಹೇಳಿಸಿದೆ. ಆಗ ಆಕೆ ಒಳಗೆ ಬಂದು ಬಟ್ಟಲನ್ನು ಸೊಸೆಯ ಕೈಗೆ ಕೊಟ್ಟರು.

ನನ್ನ ಸಲಹೆ ಇಷ್ಟು. ದಾಖಲೆಯಲ್ಲಿ ಚೀಟಿಯ ಹೆಸರು ಇರಲಿ. ತೊಟ್ಟಿಲ ದಿನ ಕಿವಿಯಲ್ಲಿ ತಾತನ ಹೆಸರು ಹೇಳಿ. ಅದನ್ನು ಯಾರೂ ಕೂಗಿ ಕರೆಯಬೇಡಿ. ನಮ್ಮಲ್ಲೂ ನಾಮಕರಣಕ್ಕೆ ಮೂರು ನಾಲ್ಕು ಹೆಸರು ಇಡುತ್ತೇವೆ, ಕರೆಯುವುದು ಒಂದೇ.

ಹುಡುಗಿಯೇ ಯಾಕೆ ಬಿಟ್ಟುಕೊಡಬೇಕು ಅಂತ ಜೊತೆಯವರೊಬ್ಬರು ನನ್ನನ್ನು ಕೇಳಿದರು. ನ್ಯಾಯದ ಪ್ರಶ್ನೆಯೇ. ಆದರೆ ಅವಳಿಗೆ ಬೇಕಾಗಿದ್ದದ್ದು ಪ್ರಮಾಣಪತ್ರದಲ್ಲಿ ಒಂದು ಸಾಲಲ್ಲ, ಅಪ್ಪನಿಗೆ ಈ ಮನೆಯಲ್ಲಿ ಮರ್ಯಾದೆ. ಅದು ಸಿಕ್ಕಿದ್ದನ್ನು ನಾನು ಕಣ್ಣಾರೆ ನೋಡಿದೆ. ಬಾಜಿ ನಿಜವೋ ಸುಳ್ಳೋ ಅನ್ನುವ ವಾದಕ್ಕೂ ನಾನು ಇಳಿಯಲಿಲ್ಲ. ನಕ್ಷತ್ರ ನೋಡಿ ಅಕ್ಷರ ಹುಡುಕುವ ನಾವು ಆ ವಾದ ಹೂಡಿದರೆ ಜಗಳ ಜಾಸ್ತಿಯಾಗುತ್ತದೆ, ಅಷ್ಟೆ. ಹಾಗಂತ ಎಲ್ಲಕ್ಕೂ ಹೂಂ ಅನ್ನುವವಳಲ್ಲ ನಾನು. ಹೆಣ್ಣು ಮಗುವಿಗೆ 'ಜಾವೋದಿ' ಅಂತ ಹಿಂದೆ ಇಡುತ್ತಿದ್ದರು, 'ತಮ್ಮನನ್ನು ಕರೆದು ತಾ' ಅಂತ ಅರ್ಥ. ಅಂಥ ಹೆಸರಾಗಿದ್ದರೆ ಬಾಗಿಲಲ್ಲೇ ತಡೆಯುತ್ತಿದ್ದೆ. ನಮ್ಮೂರುಗಳಲ್ಲಿ ಹೆಣ್ಣು ಸಾಕು ಅಂತ 'ಸಾಕಮ್ಮ' ಅಂದವರಿಗೂ ಅದೇ ಮಾತು.

ತಿಂಗಳು ತುಂಬಿದ ದಿನ ಕೆಂಪು ಬಣ್ಣದ ಮೊಟ್ಟೆ ಹಂಚಿದರು. ಅದೇ ಬೆಳಿಗ್ಗೆ ತೊಟ್ಟಿಲೂ ಆಯಿತು. ಅತ್ತೆ ಮಗುವನ್ನು ಕರೆಯುವುದು ಮಾತ್ರ ನಾಯಿಮರಿ ಅಂತ. ಚೆಂದದ ಹೆಸರು ಕೇಳಿದರೆ ಕೆಟ್ಟ ಗಾಳಿಗೆ ಕಣ್ಣು ಬೀಳುತ್ತದಂತೆ. ಹಾಸನದಿಂದ ಅಮ್ಮ ಫೋನಿನಲ್ಲಿ ಗಾಬರಿಯಾದರು.

"ನಮ್ಮಲ್ಲಿ ತಿಪ್ಪ, ಗುಂಡ ಅಂತಾರಲ್ಲಮ್ಮ" ಅಂದಳು ಇವಳು, "ಹಾಗೇ ಇದು."